ಕಸ್ತೂರಿಯ ಹೆಸರಿನ ಔಷಧ

ಹಳೇ ಹುಬ್ಬಳ್ಳಿಯ ಆ ಓಣಿಯಲ್ಲಿ ಶಿವಲಿಂಗವ್ವನಷ್ಟು ದವಾಖಾನೆಯ ಹುಚ್ಚು ಹತ್ತಿಸಿಕೊಂಡವರು ಇನ್ನೊಬ್ಬರಿರಲಿಲ್ಲ. ಮೊದಲು ಹೀಗಿರಲಿಲ್ಲ ಬಿಡಿ. ಮನೆಯಲ್ಲಿ ಯಾರು ಕೆಮ್ಮಿದರೂ ಶುಂಠಿ, ಮೆಣಸು, ಜೀರಿಗೆ ಕುಟ್ಟಿ ಕಷಾಯ ಕುದಿಸಿ, ಮೂಗು ಹಿಡಿದು ಕುಡಿಸಿ, ಕಂಬಳಿ ಹೊದಿಸಿ ಮಲಗಿಸುತ್ತಿದ್ದವಳು ಅವಳೇ. ಹಿರಿಯ ಮಗ ನೀಲಪ್ಪನಿಗೆ ರೈಲ್ವೆ ಕಾರಖಾನೆಯಲ್ಲಿ ಫಿಟ್ಟರನ ನೌಕರಿ ಖಾಯಂ ಆಯಿತು ನೋಡಿ, ಅವತ್ತಿನಿಂದ ಕಷಾಯದ ಪಾತ್ರೆ ಮೂಲೆ ಸೇರಿತು. ನೌಕರರ ಮನೆಯವರಿಗೆ ರೈಲ್ವೆ ದವಾಖಾನೆಯಲ್ಲಿ ಔಷಧ ಬಿಟ್ಟಿ. ಖಾಲಿ ಬಾಟಲಿ ಒಯ್ದರೆ ಸಾಕು, ಕಂಪೌಂಡರ ತುಂಬಿ ಕೊಡುತ್ತಿದ್ದ. ಬಾಟಲಿಯ ಬದಿಗೆ ಕಾಗದದ ಪಟ್ಟಿ ಅಂಟಿಸಿ, ಹೊತ್ತಿಗೆ ಎಷ್ಟು ಕುಡಿಯಬೇಕೆಂದು ಅದರಲ್ಲೇ ಹಲ್ಲು ಕತ್ತರಿಸಿ ಗುರುತು ಮಾಡಿಕೊಡುತ್ತಿದ್ದ. ಮುದುಕಿಗೆ ಅದೊಂದು ದೊಡ್ಡ ಸೋಜಿಗ.

"ಅತ್ತಿ, ಇವತ್ತ ಯಾಕ ಹೊಂಟ್ರಿ? ಏನ ಬ್ಯಾನಿ?" ಎಂದು ಹಿರಿಸೊಸೆ ಮುರಿಗೆವ್ವ ಕೇಳಿದರೆ, "ಏನ ಬ್ಯಾನಿ ಅಂತ ನನಗೇನ ಗೊತ್ತವಾ? ಡಾಕ್ಟರ್ರು ನೋಡಿ ಹೇಳ್ತಾರ," ಎನ್ನುವಳು. ಬಾಟಲಿ ಸೆರಗಿನಲ್ಲಿ ಕಟ್ಟಿಕೊಂಡು ಹೊರಟೇಬಿಡುವಳು.

ಆದರೆ ಆ ಬಿಟ್ಟಿ ಔಷಧ ಮನೆಯ ಎಲ್ಲರಿಗೂ ಅಲ್ಲ. ದವಾಖಾನೆಯ ರಜಿಸ್ಟರಿನಲ್ಲಿ ನೀಲಪ್ಪನ ಕಡೆಯಿಂದ ಮೂರು ಹೆಸರು: ತಾಯಿ ಶಿವಲಿಂಗವ್ವ, ಹೆಂಡತಿ ಮುರಿಗೆವ್ವ, ಆರು ವರ್ಷದ ಮಗಳು ಕಸ್ತೂರಿ. ಒಬ್ಬೊಬ್ಬರಿಗೂ ಒಂದೊಂದು ಹಾಳೆ. ಕಿರಿಯ ಮಗ ಅಡಿವೆಪ್ಪ ಅರಳೆ ದಲಾಲರ ಅಂಗಡಿಯಲ್ಲಿ ತೂಕ ಮಾಡುವವನು. ಅವನಿಗೆ, ಅವನ ಹೆಂಡತಿ ಫಕೀರವ್ವನಿಗೆ, ಮಗಳು ಸಾವಂತ್ರಿಗೆ ಅಲ್ಲಿ ಹಾಳೆ ಇಲ್ಲ. ಮನೆ ಒಂದು, ಒಲೆ ಒಂದು. ಕಸ್ತೂರಿ ಮತ್ತು ಸಾವಂತ್ರಿಗೆ ನಾಲ್ಕೇ ತಿಂಗಳ ಅಂತರ. ಒಂದೇ ತಾನಿನ ಬಟ್ಟೆಯಲ್ಲಿ ಹೊಲಿಸಿದ ಪರಕಾರ ಉಟ್ಟು ಇಬ್ಬರೂ ಓಣಿಯಲ್ಲಿ ಓಡಿದರೆ ಹಿಂದಿನಿಂದ ಅಪ್ಪಂದಿರಿಗೇ ಗುರುತು ಸಿಗುತ್ತಿರಲಿಲ್ಲ.

ಯುದ್ಧದ ನಾಲ್ಕನೆಯ ವರ್ಷ, ಶ್ರಾವಣದಲ್ಲಿ, ಸಾವಂತ್ರಿಗೆ ಜ್ವರ ಬಂತು. ಎರಡನೆಯ ದಿನಕ್ಕೆ ಎದೆ ಗೊರಗೊರ ಎನ್ನತೊಡಗಿತು. ಅಡಿವೆಪ್ಪ ಅರಳೆ ಖರೀದಿಗೆಂದು ಧಣಿಗಳ ಜೊತೆ ಊರೂರು ತಿರುಗಲು ಹೋಗಿದ್ದ. ಫಕೀರವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅಳುತ್ತ ಕುಳಿತಳು.

"ಅಳಬ್ಯಾಡ ಏಳು. ದವಾಖಾನಿಗೆ ಒಯ್ಯೂಣು," ಎಂದಳು ಶಿವಲಿಂಗವ್ವ.

"ನಮಗ ಅಲ್ಲಿ ಕೊಡಂಗಿಲ್ಲಲ್ರಿ ಅತ್ತಿ."

"ಕಸ್ತೂರಿಗೆ ಕೊಡ್ತಾರಲ್ಲ! ಇಕಿನ್ನ ಕಸ್ತೂರಿ ಅಂದ್ರಾತು. ಅಲ್ಲಿ ಯಾರು ಮಾರಿ ನೋಡ್ತಾರ? ಹಾಳಿ ನೋಡ್ತಾರ."

ಟಾಂಗಾದಲ್ಲಿ ಹೋಗುವಾಗ ಮುದುಕಿ ಹುಡುಗಿಗೆ ಪಾಠ ಹೇಳಿಯೇ ಹೇಳಿದಳು. ಜ್ವರದ ಮಂಪರಿನಲ್ಲೂ ಅದು ಸರಿಯಾಗಿ ಕಲಿತುಕೊಂಡಿತು. ಡಾಕ್ಟರು ಹೆಸರೇನೆಂದು ಕೇಳಿದಾಗ "ಕಸ್ತೂರಿ" ಎಂದು ಉಸಿರು ಎಳೆದುಕೊಂಡು ಹೇಳಿತು. ಅವರು ಎದೆಗೆ ನಳಿಗೆ ಹಚ್ಚಿ ನೋಡಿ, ಯುದ್ಧದ ಕಾಲಕ್ಕೆ ಹೊಸದಾಗಿ ಬಂದ ಬಿಳಿ ಗುಳಿಗೆ ಬರೆದುಕೊಟ್ಟರು. ಏನು ಹೇಳಲಿ, ಎರಡೇ ದಿನಕ್ಕೆ ಜ್ವರ ಇಳಿಯಿತು. ಕೂಸು ಎದ್ದು ಕುಳಿತು ಅನ್ನ ಸಾರು ಬೇಡಿತು. ಫಕೀರವ್ವ ಅತ್ತೆಯ ಕಾಲು ಹಿಡಿದುಕೊಂಡಳು.

ನಾಲ್ಕನೆಯ ದಿನ ಕೂಸಿನ ಮೈತುಂಬ ಗಂದೆ ಎದ್ದವು. ತುಟಿ ಊದಿತು, ಉಚ್ಚೆ ಕೆಂಪಾಯಿತು. ಮತ್ತೆ ಟಾಂಗಾ, ಮತ್ತೆ ದವಾಖಾನೆ. ಡಾಕ್ಟರು ಗುಳಿಗೆ ಅಲ್ಲಿಗೇ ನಿಲ್ಲಿಸಿ ಬೇರೆ ಔಷಧ ಕೊಟ್ಟರು. ಹಾಳೆಯ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ಎರಡು ಸಾಲು ಬರೆದು, ಅಡಿಗೆರೆ ಎಳೆದರು.

"ಈ ಗುಳಗಿ ಇಕಿ ಮೈಗೆ ವಿಷ, ತಿಳೀತಿಲ್ಲೋ ಅಮ್ಮಾ? ಇನ್ನ ಮ್ಯಾಲೆ ಯಾವತ್ತೂ ಕೊಡಬಾರದು. ನಾ ಬರದಿಟ್ಟೇನಿ, ನೀವೂ ನೆನಪಿಡ್ರಿ."

"ಇಟ್ಟೇನ್ರಿ ಯಪ್ಪಾ," ಎಂದಳು ಶಿವಲಿಂಗವ್ವ. ಎಂಟು ದಿನಕ್ಕೆ ಸಾವಂತ್ರಿ ಪೂರ್ತಿ ಆರಾಮಾಗಿ ಓಣಿಯಲ್ಲಿ ಕುಂಟೆಬಿಲ್ಲೆ ಆಡತೊಡಗಿದಳು.

ಸುದ್ದಿ ನೀಲಪ್ಪನಿಗೆ ತಿಳಿದದ್ದು ಆಮೇಲೆ, ಅದೂ ಸಾವಂತ್ರಿಯ ಬಾಯಿಂದಲೇ. "ದೊಡ್ಡಪ್ಪಾ, ದವಾಖಾನ್ಯಾಗ ನಾನೂ ಕಸ್ತೂರಿ," ಎಂದು ಅವಳು ಊಟಕ್ಕೆ ಕುಳಿತಾಗ ಹೇಳಿಬಿಟ್ಟಳು. ನೀಲಪ್ಪ ಮುರಿದ ರೊಟ್ಟಿ ತಾಟಿನಲ್ಲಿ ಇಟ್ಟ.

"ಅವ್ವಾ, ಏನ ಮಾಡೀದಿ ಇದು? ಹೋದ ತಿಂಗಳ ಒಬ್ಬಾಂವ ತನ್ನ ಪಾಸಿನ ಮ್ಯಾಲೆ ಹೆಣ್ತಿ ತಮ್ಮನ್ನ ಗಾಡಿ ಹತ್ತಿಸಿ ಸಿಕ್ಕಬಿದ್ದ. ನಿಂತ ಕಾಲ ಮ್ಯಾಲೆ ಮನಿಗೆ ಕಳಿಸಿದ್ರು. ನನ್ನ ನೌಕರಿ ಹೋದ್ರ ಇಷ್ಟೂ ಮಂದಿ ಏನ ತಿಂತೀರಿ?"

"ನೌಕರಿ, ನೌಕರಿ! ಕೂಸ ಹೋದ್ರ ನಡೀತಿತ್ತೇನು?" ಶಿವಲಿಂಗವ್ವ ರೇಗಿದಳು. "ಒಂದ ಒಲಿ ಮ್ಯಾಲೆ ಬೇಯಿಸಿದ್ದ ಎರಡೂ ಉಣ್ತಾವು. ಔಷಧಕ್ಕ ಬಂದ್ರ ಒಂದು ರೈಲ್ವೆ ಕೂಸು, ಇನ್ನೊಂದು ಬೀದಿ ಕೂಸೇನು? ನಾ ಕಷಾಯ ಕುದಿಸೂ ಮುಂದ ಹಿಂಗ ಭೇದ ಮಾಡಿದ್ದಿಲ್ಲಪಾ."

ಫಕೀರವ್ವ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಏಳು ತಿಂಗಳ ಬಸುರಿ ಮುರಿಗೆವ್ವ ಗಂಡನ ತಾಟಿಗೆ ಪಲ್ಯ ಬಡಿಸುತ್ತ ನಕ್ಕಳು. "ಹೋಗ್ಲಿ ಬಿಡ್ರಿ. ಕೂಸ ಉಳೀತಲ್ಲ, ಅಷ್ಟ ಸಾಕು. ನಮ್ಮ ಕಸ್ತೂರಿ ಹೆಸರೇನ ಸವದ ಹೋತೇನು?"

ನೀಲಪ್ಪ ತಾಯಿಯ ಕಡೆಯಿಂದ ಇನ್ನೆಂದೂ ಹೀಗೆ ಮಾಡುವುದಿಲ್ಲವೆಂದು ಆಣೆ ಮಾಡಿಸಿಕೊಂಡೇ ಕೈತೊಳೆದ.

ದೀಪಾವಳಿ ಕಳೆದು ವಾರಕ್ಕೆ ಮುರಿಗೆವ್ವ ಗಂಡು ಹಡೆದಳು. ಬಾಣಂತಿಯನ್ನು ಒಳಗಿನ ಕೋಣೆಗೆ ಹಾಕಿ, ಕೆಂಡದ ಅಗ್ಗಿಷ್ಟಿಗೆ ಇಟ್ಟು, ಬಾಗಿಲಿಗೆ ಕಂಬಳಿ ಕಟ್ಟಿದರು. ಒಂದೂವರೆ ತಿಂಗಳು ಅವಳು ಹೊಸ್ತಿಲು ದಾಟುವಂತಿಲ್ಲ. ಹನ್ನೆರಡನೆಯ ದಿನ ಕಸ್ತೂರಿ ಸಾಲಿಯಿಂದ ಬಂದವಳು ಪಾಟಿಚೀಲ ಒಗೆದು ಮಲಗಿಬಿಟ್ಟಳು. ಅದೇ ಜ್ವರ, ಅದೇ ಗೊರಗೊರ.

"ಅತ್ತಿ, ಲಗೂ ಒಯ್ರಿ," ಎಂದು ಮುರಿಗೆವ್ವ ಕಂಬಳಿಯ ಹಿಂದಿನಿಂದಲೇ ಕೂಗಿದಳು. "ಸಾವಂತ್ರಿಗೆ ಕೊಟ್ಟಿದ್ರಲ್ಲ, ಆ ಬಿಳಿ ಗುಳಗಿನ ಕೇಳ್ರಿ."

ನೀಲಪ್ಪ ಬೆಳಗಿನ ಭೋಂಗಾ ಕೂಗಿದೊಡನೆಯೇ ಕಾರಖಾನೆಗೆ ಹೋಗಿದ್ದ. ಶಿವಲಿಂಗವ್ವ ಒಬ್ಬಳೇ ಮೊಮ್ಮಗಳನ್ನು ಎತ್ತಿಕೊಂಡು ಟಾಂಗಾ ಹತ್ತಿದಳು. ನಿಜ ಹೇಳಬೇಕೆಂದರೆ ಅವಳಿಗೆ ಆಗ ಅಂಥ ಹೆದರಿಕೆಯೂ ಇರಲಿಲ್ಲ. ಈ ಸಲ ಕೂಸೂ ಖರೇದು, ಹೆಸರೂ ಖರೇದು. ಗುಳಿಗೆ ಹೇಗೂ ಇದೆ.

ಡಾಕ್ಟರು ಎದೆ ನೋಡಿದರು. ಬೆನ್ನು ಬಡಿದು ನೋಡಿದರು. ಗುಮಾಸ್ತ ಹಾಳೆ ತಂದು ಮುಂದಿಟ್ಟ. ಅದನ್ನು ಓದಿದವರೇ ಅವರು ಲೇಖನಿ ಕೆಳಗಿಟ್ಟು, "ಛೇ ಛೇ ಛೇ!" ಎಂದರು.

"ಇಕಿಗೆ ಆ ಗುಳಗಿ ಆಗಿ ಬರಂಗಿಲ್ಲಲ್ರಿ ಅಮ್ಮಾ. ಹೋದ ಸಲ ಸಾಯೂದೊಂದ ಬಾಕಿ ಇತ್ತು. ಆಗಿ ಬರೂ ಹಂಗಿದ್ರ ನಾಕ ದಿನದಾಗ ಎಬ್ಬಿಸಿ ಕುಂದರಸ್ತಿದ್ದೆ."

ಕೆಂಪು ಅಕ್ಷರ ಶಿವಲಿಂಗವ್ವನಿಗೆ ಓದಲು ಬರುತ್ತಿರಲಿಲ್ಲ, ಆದರೆ ಅದು ಯಾರದೆಂದು ಆ ಕೋಣೆಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. "ಯಪ್ಪಾ, ಆ ಹುಡುಗಿ ಬ್ಯಾರೆ" ಎಂಬ ಮಾತು ಬಾಯಿಯವರೆಗೆ ಬಂತು. ಪಕ್ಕದಲ್ಲೇ ಗುಮಾಸ್ತ ರಜಿಸ್ಟರು ತೆರೆದುಕೊಂಡು ಕುಳಿತಿದ್ದ. ಬಾಗಿಲಲ್ಲಿ ಕಾರಖಾನೆಯವರೇ ನಾಲ್ಕು ಜನ ಸರದಿಗೆ ನಿಂತಿದ್ದರು. ನಿಂತ ಕಾಲ ಮೇಲೆ ಮನೆಗೆ ಕಳಿಸಿದರೆಂದು ನೀಲಪ್ಪ ಹೇಳಿದ್ದು ಅವಳ ಕಿವಿಯಲ್ಲೇ ಇತ್ತು.

"ಏನೋ ಅನ್ನಾಕ ಹತ್ತಿದ್ರಿ?" ಡಾಕ್ಟರು ಕೇಳಿದರು.

"ಏನಿಲ್ರಿ."

"ಕೂಸಿನ್ನ ಇಲ್ಲೇ ಇರಸ್ರಿ ಹಂಗಾರ. ನೋಡ್ಕೋತೇವಿ."

ಅಲ್ಲಿಟ್ಟರೆ ಸಂಜೆ ನೀಲಪ್ಪ ಬರುತ್ತಾನೆ, ಡಾಕ್ಟರು ಅವನೆದುರು ಗುಳಿಗೆಯ ಮಾತು ತೆಗೆಯುತ್ತಾರೆ, ಹೆಸರು ಬದಲಿಸಿದ್ದು ಅಲ್ಲೇ ಬಯಲಾಗುತ್ತದೆ. "ಅವರವ್ವ ಬಾಣಂತಿ ಅದಾಳ್ರಿ. ಮನ್ಯಾಗ ಜ್ವಾಕಿ ಮಾಡ್ತೇವ್ರಿ," ಎಂದಳು ಶಿವಲಿಂಗವ್ವ. ಡಾಕ್ಟರು ಮನಸ್ಸಿಲ್ಲದೆ ಕುಡಿಯುವ ಮಿಕ್ಸ್ಚರು ಬರೆದುಕೊಟ್ಟು, ಎದೆಗೆ ಅಗಸೆ ಹಿಟ್ಟಿನ ಬಿಸಿ ಪಟ್ಟು ಹಾಕಲು ಹೇಳಿ, ದಿನಾ ಕರೆತರಬೇಕೆಂದು ಎರಡೆರಡು ಸಲ ಹೇಳಿದರು.

ಮನೆಗೆ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಒಳಗಿನಿಂದ ಮುರಿಗೆವ್ವ ಕೇಳಿದಳು. "ಕೊಟ್ರೇನ್ರಿ ಗುಳಗಿ?"

"ಇಲ್ಲಬೇ. ತೀರ್ಯಾವಂತ. ಎಲ್ಲಾ ಯುದ್ಧಕ್ಕ ಹೋಗ್ಯಾವಂತ, ಸಿಪಾಯಿಗೋಳಿಗೆ."

"ಅಯ್ಯ ಶಿವನ! ಬ್ಯಾರೆ ಎಲ್ಲೀರ ಸಿಗತಾವೇನಂತ ಕೇಳಿದ್ರಿಲ್ಲೋ?"

"ಎಲ್ಲೂ ಇಲ್ಲಂತ."

ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಶಿವಲಿಂಗವ್ವನಿಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಸಂಜೆ ನೀಲಪ್ಪ ಕೇಳಿದಾಗಲೂ ಅದನ್ನೇ ಹೇಳಿದಳು. ಅವನು ಯುದ್ಧ ಮಾಡುವವರನ್ನೆಲ್ಲ ಬೈದು, ಮಗಳ ತಲೆಯ ಹತ್ತಿರ ಕುಳಿತ.

ಮರುದಿನ ಅವಳು ಕೂಸನ್ನು ದವಾಖಾನೆಗೆ ಒಯ್ಯಲೇ ಇಲ್ಲ. ಗಾಳಿಗೆ ಇನ್ನಷ್ಟು ಹೆಚ್ಚಾದೀತು ಎಂದಳು. ಮೂಲೆಯಲ್ಲಿದ್ದ ಕಷಾಯದ ಪಾತ್ರೆ ತೆಗೆದು ಬೂದಿ ಹಚ್ಚಿ ತಿಕ್ಕಿದಳು. ಐವತ್ತು ವರ್ಷ ಕಣ್ಣುಮುಚ್ಚಿ ಹಾಕುತ್ತಿದ್ದ ಕೈ, ಈಗ ಮೆಣಸು ಎಷ್ಟು ಕಾಳು, ಶುಂಠಿ ಎಷ್ಟು ತುಂಡು ಎಂದು ತಡವರಿಸಿತು. ಫಕೀರವ್ವನನ್ನು ಕೇಳಿದಳು. ಫಕೀರವ್ವನಿಗೇನು ಗೊತ್ತು ಪಾಪ? ಕುದಿಸಿದ್ದನ್ನು ಕೂಸು ಎರಡು ಗುಟುಕು ಕುಡಿದು ಕಾರಿಕೊಂಡಿತು. ಮಠಕ್ಕೆ ಹೋಗಿ ವಿಭೂತಿ ತಂದು ಹಣೆಗೆ, ಎದೆಗೆ ಹಚ್ಚಿದಳು. ಗಂಟೆಗೊಮ್ಮೆ ಅಗಸೆ ಪಟ್ಟು ಬಿಸಿ ಮಾಡಿದಳು. ಒಂದು ಮಾತಿನಿಂದ ಆಗುವ ಕೆಲಸವನ್ನು ಮೈಮುರಿದು ದುಡಿದು ಮಾಡಲು ನೋಡುತ್ತಿದ್ದಳು ಮುದುಕಿ. ಅದು ಆದೀತು ಹೇಗೆ?

ಮುರಿಗೆವ್ವ ಬಾಣಂತಿಯ ಅನ್ನ ತುಪ್ಪ ಹಾಗೇ ಹೊರಗೆ ಕಳಿಸಿದಳು. "ಅಕಿ ಉಣ್ಣಲಾರದಾಗ ನನಗ ಗಂಟಲದಾಗ ಇಳಿಯಂಗಿಲ್ರಿ ಅತ್ತಿ."

"ಉಣ್ಣವಾ. ಸಣ್ಣ ಕೂಸಿಗೆ ಹಾಲ ಬ್ಯಾಡೇನು?"

"ನೀವು ಉಂಡೀರೇನು?"

ಶಿವಲಿಂಗವ್ವ ಉಂಡಿರಲಿಲ್ಲ. "ಉಂಡೇನಿ," ಎಂದಳು.

ಮೂರನೆಯ ದಿನ ಬೆಳಿಗ್ಗೆ ಎದುರುಮನೆಯ ಚಾಂದಬಿ ಕೂಸನ್ನು ನೋಡಲು ಬಂದಳು. ಅವಳ ಅಳಿಯನೂ ರೈಲ್ವೆಯವನೇ. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಫಕೀರವ್ವನ ಹತ್ತಿರ ಕುಳಿತು, ತನ್ನ ಮಗಳ ಮಗನಿಗೂ ಹೀಗೇ ಆಗಿತ್ತೆಂದೂ, ಮೊನ್ನೆ ತಾನೇ ಅದೇ ದವಾಖಾನೆಯಲ್ಲಿ ಬಿಳಿ ಗುಳಿಗೆ ಕೊಟ್ಟರೆಂದೂ, ಈಗ ಹುಡುಗ ಎದ್ದು ಆಡುತ್ತಿದ್ದಾನೆಂದೂ ಹೇಳಿ ಹೋದಳು. ಫಕೀರವ್ವ ಮೊರ ಅಲ್ಲೇ ಬಿಟ್ಟು ಅಡುಗೆಮನೆಗೆ ಬಂದಳು.

"ಅತ್ತಿ, ಗುಳಗಿ ಐತಂತಲ್ರಿ. ಮೊನ್ನಿ ಕೊಟ್ಟಾರಂತ."

ಶಿವಲಿಂಗವ್ವ ಒಲೆಯ ಬೆಂಕಿ ಮುಂದೆ ಮಾಡಿದಳು. ಫಕೀರವ್ವ ಅವಳ ಮುಖವನ್ನೇ ನೋಡುತ್ತ ನಿಂತವಳು ಒಮ್ಮೆಲೇ ಬಾಯಿಗೆ ಕೈ ಹಚ್ಚಿಕೊಂಡಳು.

"ಕೆಂಪು ಅಕ್ಷರ! ನಮ್ಮ ಸಾವಂತ್ರಿಗೆ ಗಂದಿ ಎದ್ದಿದ್ದ ಇಕಿ ಹೆಸರಿಗೆ ಬರದಾರ. ಅದಕ್ಕ ಕೊಟ್ಟಿಲ್ಲ, ಹೌದಿಲ್ರಿ?"

"ಮೆಲ್ಲಗ ಮಾತಾಡು. ಒಳಗ ಕೇಳಸ್ತದ."

"ನಿಮಗ ಗೊತ್ತಿತ್ತು?"

"ಹೇಳಿದ್ರ ನೀಲಪ್ಪನ ನೌಕರಿ ಹೋಗ್ತದ. ಆಮ್ಯಾಲೆ ಇಷ್ಟೂ ಮಂದಿ ಎಲ್ಲಿ ಹೋಗೂದು?"

"ನನ್ನ ಕೂಸ ಆಡಾಕತ್ತೈತ್ರಿ ಹೊರಗ!" ಫಕೀರವ್ವ ಬಾಗಿಲ ಕಡೆ ಕೈ ಮಾಡಿದಳು. "ಇಕಿ ಹೆಸರಿನ ಗುಳಗಿ ತಿಂದು ಆಡಾಕತ್ತೈತಿ. ನೀವು ಹೋಗ್ರಿ, ಇಲ್ಲಂದ್ರ ನಾನ ಹೋಗಿ ಹೇಳ್ತೇನಿ. ಏನ ಮಾಡ್ತಾರೋ ಮಾಡ್ಲಿ."

ಆಮೇಲೆ ಶಿವಲಿಂಗವ್ವ ತಡಮಾಡಲಿಲ್ಲ. ಕೂಸನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಓಡಿದಳು. ಕಸ್ತೂರಿಯ ತುಟಿ ನೀಲಿಗಟ್ಟಿತ್ತು. ಟಾಂಗಾದವನನ್ನು ದಾರಿಯುದ್ದಕ್ಕೂ ಬೈದಳು. ಸರದಿಯವರನ್ನೆಲ್ಲ ದಾಟಿಕೊಂಡು ಡಾಕ್ಟರ ಮೇಜಿನ ಮುಂದೆ ಹೋಗಿ ನಿಂತು, ಗುಮಾಸ್ತನೂ ಕೇಳುವಂತೆ ಹೇಳಿಬಿಟ್ಟಳು.

"ಯಪ್ಪಾ, ಆ ಕೆಂಪು ಅಕ್ಷರ ಈ ಕೂಸಿಂದಲ್ರಿ. ಅಕಿ ನನ್ನ ಸಣ್ಣ ಮಗನ ಮಗಳು. ಇಕಿ ಹೆಸರ ಹೇಳಿ ತಂದಿದ್ದೆ. ಇಕಿ ಆ ಗುಳಗಿ ಮುಟ್ಟೇ ಇಲ್ರಿ. ತಪ್ಪು ನಂದು, ನನ್ನ ಮಗಂದಲ್ಲ."

ಡಾಕ್ಟರು ಮೊದಲು ನರ್ಸಬಾಯಿಯನ್ನು ಕರೆದು, ಗುಳಿಗೆ ಅರೆದು ನೀರಿನಲ್ಲಿ ಕುಡಿಸಲು ಹೇಳಿದರು. ಕೂಸನ್ನು ಒಳಗೆ ಒಯ್ದ ಮೇಲೆ ಕೇಳಿದರು, "ಮೊನ್ನಿ ನಾ ಹಾಳಿ ಓದೂ ಮುಂದ ನಿಮಗಿದು ಗೊತ್ತಿತ್ತೇನು?"

"ಗೊತ್ತಿತ್ರಿ."

"ಎರಡು ದಿನ!" ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಹೆಸರು ಸುಳ್ಳು ಹೇಳಿದ್ದಕ್ಕ ನಿಮ್ಮ ಮಗನ ಮ್ಯಾಲೆ ಚಾಡಿ ಬರಿಲಿಕ್ಕೆ ನಾ ಇಲ್ಲಿ ಕೂತಿಲ್ಲ. ಕೂಸು ಉಳೀಲಿ ಅಂತ ಅದನ್ನ ಕೆಂಪು ಶಾಯಿಲೆ ಬರದಿದ್ದೆ. ಕಿವ್ಯಾಗ ಒಂದ ಮಾತು ಹೇಳಿದ್ರ ಸಾಕಾಗಿತ್ತಲ್ರಿ ಅಮ್ಮಾ!"

ಅವರು ಕೆಂಪು ಸಾಲುಗಳ ಮೇಲೆ ಅಡ್ಡಗೆರೆ ಎಳೆದು ಸಹಿ ಹಾಕಿದರು. ಗುಮಾಸ್ತ ತಲೆ ಎತ್ತಲಿಲ್ಲ. ಆಮೇಲೆ ನೀಲಪ್ಪ ಬಂದಾಗಲೂ ಇಬ್ಬರೂ ಆ ಮಾತು ತೆಗೆಯಲಿಲ್ಲ. ನೌಕರಿಯ ವಿಚಾರ ಅಷ್ಟಕ್ಕೇ ಮುಗಿಯಿತು. ಅಷ್ಟೇ ಇತ್ತು ನೋಡಿ ಅದು. ಯಾವುದಕ್ಕೆ ಹೆದರಿ ಎರಡು ದಿನ ಬಾಯಿ ಮುಚ್ಚಿಕೊಂಡಿದ್ದಳೋ ಅದು ಒಂದು ಗೆರೆಯಲ್ಲಿ ಮುಗಿದುಹೋಯಿತು.

ಜ್ವರ ಇಳಿಯಿತು. ಆದರೆ ಅಷ್ಟರಲ್ಲಿ ಎದೆಯೊಳಗೆ ಕೀವು ತುಂಬಿತ್ತು. ಪಕ್ಕೆಲುಬಿನ ಸಂದಿಯಲ್ಲಿ ಕೊಯ್ದು ರಬ್ಬರಿನ ನಳಿಗೆ ಇಟ್ಟರು. ಕಸ್ತೂರಿ ಒಂದು ತಿಂಗಳಿನ ಮೇಲೆ ದವಾಖಾನೆಯಲ್ಲಿದ್ದು, ಸಂಕ್ರಾಂತಿಯ ಹೊತ್ತಿಗೆ ಮನೆಗೆ ಬಂದಳು. ಎಡಭುಜ ಕೆಳಗೆ ಜಗ್ಗಿತ್ತು. ಸಾವಂತ್ರಿ ಓಡಿದರೆ ಅವಳು ನಾಲ್ಕು ಹೆಜ್ಜೆ ಹೋಗಿ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಓಟದ ಆಟಕ್ಕೆ ಅವಳನ್ನು ಕರೆಯುವುದನ್ನು ಹುಡುಗಿಯರು ಬಿಟ್ಟೇಬಿಟ್ಟರು.

ಮುರಿಗೆವ್ವ ಬಾಣಂತನ ಮುಗಿಸಿ ಹೊರಗೆ ಬಂದಿದ್ದಳು. ಬಂದವರಿಗೆಲ್ಲ ಅವಳದು ಒಂದೇ ಮಾತು: "ನಮ್ಮತ್ತಿ ಇರದಿದ್ರ ನನ್ನ ಮಗಳಿರ್ತಿದ್ದಿಲ್ಲ. ವಯಸ್ಸಾದಾಕಿ, ಕೂಸಿನ್ನ ಹೊತ್ತು ಓಡ್ಯಾರ. ಡಾಕ್ಟರ್ರ ಕಾಲ ಬಿದ್ದು ಎಲ್ಲೋ ಇದ್ದ ಗುಳಗಿ ತರಿಸ್ಯಾರ." ಚಾಂದಬಿ ಕೂಡ "ನಿಮ್ಮಂಥಾ ಅತ್ತಿ ಸಿಗಬೇಕಾದ್ರ ಪುಣ್ಯಾ ಮಾಡಿರಬೇಕವಾ" ಎಂದಳು. ಅಂಥ ಹೊತ್ತಿನಲ್ಲಿ ಫಕೀರವ್ವ ಕೊಡ ಎತ್ತಿಕೊಂಡು ಬಾವಿಗೆ ಹೋಗಿಬಿಡುತ್ತಿದ್ದಳು. ಶಿವಲಿಂಗವ್ವ ಎಲ್ಲಿಗೆ ಹೋಗಬೇಕು? ಸೊಸೆ ಮೊದಲ ರೊಟ್ಟಿ ಅತ್ತೆಗೇ ಹಾಕಿ, ಬೆಣ್ಣೆ ಸವರಿ ಮುಂದಿಟ್ಟರೆ, ಅವಳು ಅದನ್ನು ಕಸ್ತೂರಿಯ ತಾಟಿಗೆ ಸರಿಸುತ್ತಿದ್ದಳು. ಬೈದಿದ್ದರೆ ಸುಖವಿತ್ತು ಎನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಗಂಡಸರು ಕೆಲಸಕ್ಕೆ ಹೋಗಿದ್ದಾಗ, ಮುರಿಗೆವ್ವ ರೊಟ್ಟಿ ಬಡಿಯುತ್ತಿದ್ದಳು. ಶಿವಲಿಂಗವ್ವ ಎದುರಿಗೆ ಕುಳಿತು ಎಲ್ಲವನ್ನೂ ಹೇಳಿದಳು. ಕೆಂಪು ಅಕ್ಷರ, ಡಾಕ್ಟರು ಅಂದ ಮಾತು, ತಾನು "ಏನಿಲ್ರಿ" ಅಂದದ್ದು, ಯುದ್ಧದ ಸುಳ್ಳು, ಮರುದಿನ ಒಯ್ಯದೇ ಇದ್ದದ್ದು. ಒಂದನ್ನೂ ಬಿಡಲಿಲ್ಲ.

ಹೆಂಚಿನ ಮೇಲಿನ ರೊಟ್ಟಿ ಹೊತ್ತಿತು. ಮುರಿಗೆವ್ವ ಅದನ್ನು ತೆಗೆಯಲಿಲ್ಲ.

"ನಾ ಕೇಳಿದ್ನಲ್ರಿ ಅತ್ತಿ," ಎಂದಳು ಕೊನೆಗೆ. "ಬಾಗಲಕ್ಕ ಬಂದಕೂಡ್ಲೆ ಕೇಳಿದ್ನಲ್ಲ, ಗುಳಗಿ ಕೊಟ್ರೇನಂತ."

"ಹೌದವಾ, ಕೇಳಿದಿ."

"ನೌಕರಿ ಬೇಕೋ ಕೂಸ ಬೇಕೋ ಅಂತ ನನ್ನ ಕೇಳಬೇಕಿತ್ತು. ಅಕಿನ್ನ ಹಡದಾಕಿ ಕಂಬಳಿ ಆಚಿಗೆ ಕುಂತಿದ್ನಲ್ರಿ."

"ಬೈ ನನಗ, ಮುರಿಗೆವ್ವಾ. ಹೊಡಿ ಬೇಕಾದ್ರ."

ಮುರಿಗೆವ್ವ ಬೈಯಲಿಲ್ಲ. ಹೊತ್ತಿದ ರೊಟ್ಟಿಯನ್ನು ಬದಿಗಿಟ್ಟು, ಇನ್ನೊಂದು ಬಡಿದು ಬೇಯಿಸಿ ಅತ್ತೆಯ ತಾಟಿಗೆ ಹಾಕಿದಳು. ಗಂಡನಿಗೂ ಹೇಳಲಿಲ್ಲ, ಓಣಿಯವರಿಗೂ ಹೇಳಲಿಲ್ಲ. ಅತ್ತೆಯ ಗುಣಗಾನ ಮಾಡುವುದನ್ನು ಮಾತ್ರ ನಿಲ್ಲಿಸಿದಳು. ಸ್ನಾನಕ್ಕೆ ಬಿಸಿನೀರು, ಹೊತ್ತಿಗೆ ಸರಿಯಾಗಿ ಊಟ, ಮಾತು ಮಾತಿಗೆ "ರಿ", ಯಾವುದಕ್ಕೂ ಕೊರತೆಯಿಲ್ಲ. ಆದರೆ ಆ ಮಾಘದಿಂದ ದವಾಖಾನೆಗೆ ತಾನೇ ಹೋಗತೊಡಗಿದಳು. ಆ ಮನೆಯ ಸೊಸೆಯಂದಿರು ಒಬ್ಬರೇ ಪೇಟೆ ದಾಟಿದ್ದಿರಲಿಲ್ಲ. ಅವಳು ಸೆರಗು ಬಿಗಿದು, ಮಗಳ ಕೈ ಹಿಡಿದು ಹೋಗಿ, ಡಾಕ್ಟರ ಎದುರು ನಿಂತು ಎಲ್ಲವನ್ನೂ ಕೇಳಿಕೊಂಡು ಬರುತ್ತಿದ್ದಳು. ತಂದ ಬಾಟಲಿಯನ್ನು ತನ್ನ ಕೋಣೆಯ ಗೂಡಿನಲ್ಲಿಟ್ಟು, ಹೊತ್ತು ಹೊತ್ತಿಗೆ ತಾನೇ ಕುಡಿಸುತ್ತಿದ್ದಳು.

ಹೋಳಿಯ ಮುಂಚಿನ ಒಂದು ಸಂಜೆ ಮುರಿಗೆವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕಸ್ತೂರಿಗೆ ಕೆಮ್ಮು ಒತ್ತರಿಸಿ ಬಂತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತುಂಬಿಕೊಂಡು, ಅವಳು ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಶಿವಲಿಂಗವ್ವನ ಹತ್ತಿರ ಬಂದಳು.

"ಆಯಿ, ಔಷಧ ಕೊಡು."

ಶಿವಲಿಂಗವ್ವ ಎದ್ದು ಕೋಣೆಗೆ ಹೋದಳು. ಬಾಟಲಿ ಕೈಗೆಟಕುವಂತೆಯೇ ಇತ್ತು. ಎಷ್ಟು ಕೊಡಬೇಕೆಂದು ಅವಳಿಗೆ ಗೊತ್ತಿತ್ತು. ಪಟ್ಟಿಯ ಹಲ್ಲು ನೋಡಿ ಕುಡಿಸುವುದನ್ನು ಓಣಿಗೆಲ್ಲ ಅವಳೇ ಹೇಳಿಕೊಟ್ಟವಳು. ಚಾಚಿದ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಂಡಳು.

"ಮುರಿಗೆವ್ವಾ," ಎಂದು ಹಿತ್ತಲ ಬಾಗಿಲಲ್ಲಿ ನಿಂತು ಕರೆದಳು. "ಕೂಸಿಗೆ ಔಷಧ ಬೇಕಂತ."

ಮುರಿಗೆವ್ವ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ಅತ್ತೆ ಗೂಡಿನ ಹತ್ತಿರವಿದ್ದಳೆಂಬುದು, ಬಾಟಲಿ ಇದ್ದಲ್ಲೇ ಇದೆಯೆಂಬುದು, ಎರಡೂ ಅವಳ ಕಣ್ಣಿಗೆ ಬಿದ್ದವು. ಬಾಟಲಿಯನ್ನು ಬೆಳಕಿಗೆ ಹಿಡಿದು, ಪಟ್ಟಿಯ ಗುರುತು ನೋಡಿ, ಬಟ್ಟಲಿಗೆ ಬಗ್ಗಿಸಿದಳು.

"ಆಯಿ ಕುಡಸ್ಲಿ," ಎಂದಳು ಕಸ್ತೂರಿ.

"ನಾನ ಕುಡಸ್ತೇನಿ ಬಾಯಿ ತಗಿ," ಎಂದಳು ಮುರಿಗೆವ್ವ. ಆಮೇಲೆ ತಿರುಗಿ, ಮೊದಲಿನ ಹಾಗೇ ಮೆಲ್ಲಗೆ, ಮೊದಲಿನ ಹಾಗೇ ಮರ್ಯಾದೆಯಿಂದ ಹೇಳಿದಳು. "ನೀವು ಕುಂದರ್ರಿ ಅತ್ತಿ."

ಶಿವಲಿಂಗವ್ವ ಹೋಗಿ ಕುಳಿತಳು.